ಚರ್ಮದ ಚೂರಿನಿಂದ ನರಕೋಶ: ಪಾರ್ಕಿನ್ಸನ್ಸ್‌ಗೆ ಸ್ಟೆಮ್ ಸೆಲ್ ಎಲ್ಲಿಯವರೆಗೆ ಬಂದಿದೆ?

ಲಿವರ್‌ಗೆ ಏನಾದರೂ ಆದರೆ ಡಾಕ್ಟರು ಸೂಜಿ ಹಾಕಿ ಒಂದು ಚೂರು ತೆಗೆದು ನೋಡುತ್ತಾರೆ. ಗಡ್ಡೆ ಎದ್ದರೆ ಬಯಾಪ್ಸಿ ಇದೆ. ಮಿದುಳಿನ ಕಾಯಿಲೆಯಾದ ಪಾರ್ಕಿನ್ಸನ್ಸ್ ಬಂದವರ ವಿಷಯದಲ್ಲಿ ಇದು ನಡೆಯುವುದಿಲ್ಲ. ಬದುಕಿರುವ ಮನುಷ್ಯನ ಮಿದುಳಿನ ಆಳದಿಂದ ನರಕೋಶ ತೆಗೆದು, ಅದು ಯಾಕೆ ಸಾಯುತ್ತಿದೆ ಅಂತ ನೋಡಲು ಸಾಧ್ಯವಿಲ್ಲ. ತೆಗೆದರೆ ಇದ್ದದ್ದೂ ಹೋಗುತ್ತದೆ. ಸತ್ತ ಮೇಲೆ ಮಿದುಳು ದಾನವಾಗಿ ಸಿಕ್ಕರೆ ನೋಡಬಹುದು, ಆದರೆ ಅಲ್ಲಿ ಕಾಣುವುದು ಎಲ್ಲ ಮುಗಿದ ಮೇಲಿನ ಸ್ಥಿತಿ. ಕಾಯಿಲೆ ಎಲ್ಲಿ ಶುರುವಾಯಿತು, ಮೊದಲು ಏನು ಕೆಟ್ಟಿತು ಅನ್ನುವುದು ಅದರಿಂದ ಅಷ್ಟಾಗಿ ತಿಳಿಯುವುದಿಲ್ಲ. ಇನ್ನು ಇಲಿ. ಇಲಿಗೆ ತಾನಾಗಿ ಪಾರ್ಕಿನ್ಸನ್ಸ್ ಬರುವುದಿಲ್ಲ, ಮರೆವಿನ ಕಾಯಿಲೆ ಅಲ್ಝೈಮರ್ಸೂ ಬರುವುದಿಲ್ಲ. ಔಷಧ ಕೊಟ್ಟೋ ಜೀನ್ ಬದಲಿಸಿಯೋ ಅದಕ್ಕೆ ಕಾಯಿಲೆ ಬರಿಸಬೇಕು. ಹಾಗೆ ಬರಿಸಿದ ಇಲಿಯನ್ನು ಗುಣಪಡಿಸಿದ ಎಷ್ಟೋ ಔಷಧಗಳು ಮನುಷ್ಯರಲ್ಲಿ ಕೆಲಸಕ್ಕೆ ಬರಲಿಲ್ಲ.

ಸ್ಟೆಮ್ ಸೆಲ್ (ಮೈಯ ಬೇರೆ ಬೇರೆ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ಅಂದ ಕೂಡಲೇ ನಮ್ಮಲ್ಲಿ ಎಲ್ಲರೂ ಕೇಳುವುದು 'ಅದನ್ನು ಹಾಕಿಸಿದರೆ ವಾಸಿಯಾಗ್ತದಾ?' ಅಂತ. ಆ ಪ್ರಶ್ನೆಗೆ ಬರುತ್ತೇನೆ. ಆದರೆ ಈ ವಿದ್ಯೆಯಿಂದ ಈಗಾಗಲೇ ಸಿಕ್ಕಿರುವ ದೊಡ್ಡ ಲಾಭ ಬೇರೆಯೇ ಇದೆ ಅಂತ ನನಗೆ ಅನ್ನಿಸುತ್ತದೆ. ರೋಗಿಯ ಮಿದುಳನ್ನು ಮುಟ್ಟದೆ, ಅವರದೇ ನರಕೋಶವನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿ, ಅದು ಕೆಡುವುದನ್ನು ಕಣ್ಣಾರೆ ನೋಡುವ ದಾರಿ ಸಿಕ್ಕಿದೆ.

ಮೊದಲು ಕಾಯಿಲೆಯ ಬಗ್ಗೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ವಿವರಿಸಿ ಬರೆದರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಕೆ ಸುಲಿಯುವ ದಿನಗಳಲ್ಲಿ ಹೋಗಿ ಕುಳಿತರೆ ಈ ಕಾಯಿಲೆಯ ಲಕ್ಷಣ ಹತ್ತಿರದಿಂದ ಕಾಣಬಹುದು. ಮೆಟ್ಟುಗತ್ತಿಯ ಮೇಲೆ ಕೈ ಓಡುತ್ತಿರುವಾಗ ನಡುಕ ಅಷ್ಟಾಗಿ ಗೊತ್ತಾಗುವುದಿಲ್ಲ. ಸುಲಿಯುವುದು ನಿಲ್ಲಿಸಿ, ಕೈಯನ್ನು ತೊಡೆಯ ಮೇಲೆ ಇಟ್ಟು, ಕವಳಕ್ಕೆ ಅಂತ ಕುಳಿತಾಗ ಹೆಬ್ಬೆರಳು ತೋರುಬೆರಳಿಗೆ ಉಜ್ಜತೊಡಗುತ್ತದೆ. ಸುಮ್ಮನಿರುವ ಕೈ ನಡುಗುವುದು ಪಾರ್ಕಿನ್ಸನ್ಸಿನ ಗುರುತು. ಚಾ ಲೋಟ ಎತ್ತುವಾಗ ಮಾತ್ರ ಕೈ ನಡುಗಿದರೆ ಹೆಚ್ಚಿನ ಸಲ ಅದು ಬೇರೆ ತೊಂದರೆ. ನಡುಕಕ್ಕಿಂತ ಜಾಸ್ತಿ ಕಾಡುವುದು ನಿಧಾನ. ಒಂದು ಕಾಲದಲ್ಲಿ ಎಲ್ಲರಿಗಿಂತ ಮೊದಲು ತಮ್ಮ ಪಾಲಿನ ಅಡಕೆ ಮುಗಿಸುತ್ತಿದ್ದವರು ಹಿಂದೆ ಬೀಳುತ್ತಾರೆ. ಅಕ್ಷರ ಸಣ್ಣದಾಗುತ್ತದೆ. ಸೊಸೈಟಿಯಲ್ಲಿ ದುಡ್ಡು ತೆಗೆಯಲು ಹೋದರೆ ಸಹಿ ಹಳೇ ಸಹಿಗೆ ತಾಳೆಯಾಗುವುದಿಲ್ಲ. ಇದಕ್ಕೂ ವರ್ಷಗಳ ಮೊದಲೇ ವಾಸನೆ ತಿಳಿಯುವುದು ಕಡಿಮೆಯಾಗಿರುತ್ತದೆ, ಮಲಬದ್ಧತೆ ಇರುತ್ತದೆ, ನಿದ್ದೆಯಲ್ಲಿ ಕೂಗುವುದು, ಕೈಕಾಲು ಬಡಿಯುವುದು ಇರುತ್ತದೆ. ಆಗೆಲ್ಲ ಯಾರೂ ಅದನ್ನು ಮಿದುಳಿಗೆ ಜೋಡಿಸಿ ನೋಡುವುದಿಲ್ಲ.

ಮಿದುಳಿನ ಬುಡದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನುವ ಕಪ್ಪು ಬಣ್ಣದ ಸಣ್ಣ ಜಾಗ ಇದೆ. ಅಲ್ಲಿಯ ನರಕೋಶಗಳು ಡೋಪಮಿನ್ ತಯಾರಿಸುತ್ತವೆ. ಕೈಕಾಲಿನ ಚಲನೆ ಸಲೀಸಾಗಿ ನಡೆಯಲು ಅದು ಬೇಕು. ಪಾರ್ಕಿನ್ಸನ್ಸ್‌ನಲ್ಲಿ ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ನಡುಗುವುದು ಮನೆಯವರ ಕಣ್ಣಿಗೆ ಬೀಳುವ ಹೊತ್ತಿಗೆ ಅಂದಾಜು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕೋಶಗಳು ಹೋಗಿರುತ್ತವೆ. ಉಳಿದ ಕೋಶಗಳ ಒಳಗೆ ಆಲ್ಫಾ ಸಿನ್ಯೂಕ್ಲಿನ್ ಅನ್ನುವ ಪ್ರೋಟೀನು ತಪ್ಪಾಗಿ ಮಡಚಿಕೊಂಡು ಗಂಟುಕಟ್ಟಿರುತ್ತದೆ.

ಈಗಿರುವ ಮುಖ್ಯ ಮಾತ್ರೆ ಲೆವೊಡೋಪಾ. ನಮ್ಮ ಬೇಲಿಸಾಲಿನಲ್ಲಿ ಬೆಳೆಯುವ ನಸುಗುನ್ನಿ ಬೀಜದಲ್ಲಿ ಇದೇ ವಸ್ತು ಇದೆ. ಮುಟ್ಟಿದರೆ ಮೈಯೆಲ್ಲ ತುರಿಸುತ್ತದಲ್ಲ, ಅದೇ ನಸುಗುನ್ನಿ. 1937ರಲ್ಲಿ ಭಾರತದ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ ಆ ಬೀಜದಿಂದ ಅದನ್ನು ಬೇರ್ಪಡಿಸಿದ್ದರು. (ಹಾಗಂತ ಮನೆಯಲ್ಲೇ ಬೀಜ ಪುಡಿ ಮಾಡಿ ತಿನ್ನಬೇಡಿ. ಒಂದೊಂದು ಬೀಜದಲ್ಲಿ ಒಂದೊಂದು ಪ್ರಮಾಣ ಇರುತ್ತದೆ.) ಲೆವೊಡೋಪಾ ಮಿದುಳಿಗೆ ಹೋಗಿ ಡೋಪಮಿನ್ ಆಗುತ್ತದೆ, ಮನುಷ್ಯ ಎದ್ದು ಓಡಾಡುತ್ತಾನೆ. ಆದರೆ ಕೋಶಗಳು ಸಾಯುವುದನ್ನು ಅದು ನಿಲ್ಲಿಸುವುದಿಲ್ಲ. ವರ್ಷ ಕಳೆದಂತೆ ಮಾತ್ರೆಯ ಪರಿಣಾಮ ಬೇಗ ಇಳಿಯುತ್ತದೆ. ಮುಂದಿನ ಮಾತ್ರೆಯ ಹೊತ್ತಿಗೆ ಮೊದಲೇ ಮೈ ಬಿಗಿಯುತ್ತದೆ.

ಹಾಗಾದರೆ ಹೊಸ ಕೋಶ ತರುವುದು ಎಲ್ಲಿಂದ?

ಇಲ್ಲಿ ಶಿನ್ಯಾ ಯಮನಾಕ ಬರುತ್ತಾರೆ. ಮೂಳೆ ಸರ್ಜನ್ ಆಗಿ ಶುರುಮಾಡಿ, ಆಮೇಲೆ ಲ್ಯಾಬಿಗೆ ಬಂದವರು. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಅವರು ಹಿಡಿದ ಪ್ರಶ್ನೆ ಇಷ್ಟೇ: ಒಮ್ಮೆ ಚರ್ಮ ಆದ ಕೋಶ ಮತ್ತೆ ಬೇರೆ ಏನಾದರೂ ಆಗಬಲ್ಲದೇ?

ಯಕ್ಷಗಾನ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಮೇಳದ ಕಲಾವಿದನಿಗೆ ಇಡೀ ಪ್ರಸಂಗ ಗೊತ್ತಿರುತ್ತದೆ. ಆದರೆ ಬಣ್ಣ ಹಚ್ಚಿ ರಂಗಕ್ಕೆ ಬಂದ ಮೇಲೆ ಕೌರವನ ವೇಷದವನು ಕೌರವನ ಮಾತನ್ನಷ್ಟೇ ಆಡುತ್ತಾನೆ. ನಮ್ಮ ಮೈಯ ಕೋಶಗಳೂ ಹಾಗೇ. ಚರ್ಮ, ಲಿವರ್, ನರ, ಹೆಚ್ಚುಕಡಿಮೆ ಎಲ್ಲದರೊಳಗೂ ಅದೇ ಪೂರ್ತಿ ಡಿಎನ್‌ಎ ಇದೆ. ಒಂದೊಂದು ಕೋಶ ತನ್ನ ಪಾತ್ರಕ್ಕೆ ಬೇಕಾದ ಜೀನ್‌ಗಳನ್ನು ಮಾತ್ರ ಬಳಸುತ್ತದೆ, ಉಳಿದವನ್ನು ಮುಚ್ಚಿಡುತ್ತದೆ. ಭ್ರೂಣದ ಶುರುವಿನ ಕೋಶ ಇನ್ನೂ ಬಣ್ಣ ಹಚ್ಚದೆ ಚೌಕಿಯಲ್ಲಿ ಕುಳಿತ ಕಲಾವಿದ, ಯಾವ ವೇಷವನ್ನಾದರೂ ಕಟ್ಟಬಲ್ಲದು. ಅದನ್ನೇ ಸ್ಟೆಮ್ ಸೆಲ್ ಅಥವಾ ಆಕರಕೋಶ ಅನ್ನುವುದು. ಯಮನಾಕ ಹುಡುಕಿದ್ದು, ರಂಗದ ಮೇಲಿರುವ ವೇಷವನ್ನು ಮತ್ತೆ ಚೌಕಿಗೆ ಕರೆದು ಬಣ್ಣ ತೆಗೆಸುವ ದಾರಿ.

ಬಣ್ಣ ತೆಗೆಸಬಹುದು ಅನ್ನುವುದಕ್ಕೆ ಸುಳಿವು ಮೊದಲೇ ಇತ್ತು. 1962ರಲ್ಲಿ ಇಂಗ್ಲೆಂಡಿನ ಜಾನ್ ಗರ್ಡನ್ ಕಪ್ಪೆಯ ಮೊಟ್ಟೆಯ ನ್ಯೂಕ್ಲಿಯಸ್ ನಾಶಮಾಡಿ, ಆ ಜಾಗಕ್ಕೆ ಗೊದಮೊಟ್ಟೆಯ ಕರುಳಿನ ಕೋಶದ ನ್ಯೂಕ್ಲಿಯಸ್ ಹಾಕಿದರು. ಅದರಿಂದ ಹೊಸ ಗೊದಮೊಟ್ಟೆ ಬೆಳೆಯಿತು. ಅಂದರೆ ಕರುಳಿನ ಕೋಶ ಏನನ್ನೂ ಮರೆತಿರಲಿಲ್ಲ. ಆದರೆ ಮೊಟ್ಟೆಯೊಳಗೆ ಈ ಕೆಲಸ ಮಾಡಿದ್ದು ಯಾವ ಜೀನ್‌ಗಳು ಅಂತ ಯಾರಿಗೂ ಗೊತ್ತಿರಲಿಲ್ಲ.

ಯಮನಾಕ ಮತ್ತು ಅವರ ಜೊತೆ ಕೆಲಸ ಮಾಡುತ್ತಿದ್ದ ಕಝುತೋಶಿ ತಕಾಹಾಶಿ 24 ಜೀನ್‌ಗಳ ಪಟ್ಟಿ ಮಾಡಿದರು. ಒಂದೊಂದನ್ನೇ ಇಲಿಯ ಚರ್ಮದ ಕೋಶಕ್ಕೆ ಹಾಕಿದರೆ ಏನೂ ಆಗಲಿಲ್ಲ. 24ನ್ನೂ ಒಟ್ಟಿಗೆ ಹಾಕಿದಾಗ ತಟ್ಟೆಯಲ್ಲಿ ಸ್ಟೆಮ್ ಸೆಲ್‌ಗಳ ಗುಂಪು ಕಾಣಿಸಿತು. ಈಗ ಆ 24ರಲ್ಲಿ ನಿಜವಾಗಿ ಬೇಕಾದದ್ದು ಯಾವುದು? ತಕಾಹಾಶಿ ಲೆಕ್ಕವನ್ನು ತಿರುಗಿಸಿದರು. ಪ್ರತಿ ಸಲ ಒಂದು ಜೀನ್ ಬಿಟ್ಟು ಉಳಿದ 23 ಹಾಕಿದರು. ಯಾವುದನ್ನು ಬಿಟ್ಟಾಗ ಕೆಲಸ ಕೆಡುತ್ತದೋ ಅದು ಬೇಕಾದ ಜೀನ್. ಹೀಗೆ ಸೋಸಿ ಸೋಸಿ ನಾಲ್ಕು ಉಳಿದವು: ಆಕ್ಟ್ 3/4, ಸಾಕ್ಸ್ 2, ಕೆಎಲ್‌ಎಫ್ 4, ಸಿ-ಮಿಕ್. ಇದು 2006ರಲ್ಲಿ ಪ್ರಕಟವಾಯಿತು. 2007ರಲ್ಲಿ ಮನುಷ್ಯರ ಚರ್ಮದ ಕೋಶದಲ್ಲೂ ಆಯಿತು. 2012ರಲ್ಲಿ ಯಮನಾಕ ಮತ್ತು ಗರ್ಡನ್ ಇಬ್ಬರಿಗೂ ನೊಬೆಲ್ ಬಂತು. ಹೀಗೆ ತಯಾರಾದ ಕೋಶಕ್ಕೆ ಐಪಿಎಸ್ ಕೋಶ ಅನ್ನುತ್ತಾರೆ. ಈ ವಿದ್ಯೆಯಲ್ಲಿ ನನಗೆ ಅತ್ಯಂತ ಇಷ್ಟವಾಗುವ ಭಾಗ ಈ 23ರ ಲೆಕ್ಕವೇ. ದೊಡ್ಡ ಯಂತ್ರ ಬೇಕಾಗಲಿಲ್ಲ, ಸರಿಯಾದ ಪ್ರಶ್ನೆ ಸಾಕಾಯಿತು.

ಈಗ ಲ್ಯಾಬ್‌ಗಳಲ್ಲಿ ಈ ಕೆಲಸ ದಿನನಿತ್ಯ ನಡೆಯುತ್ತದೆ. ರೋಗಿಯ ತೋಳಿನಿಂದ ಕೆಲವೇ ಮಿಲಿಮೀಟರ್ ಅಗಲದ ಚರ್ಮ, ಇಲ್ಲವೇ ಸ್ವಲ್ಪ ರಕ್ತ ಸಾಕು. ನಾಲ್ಕು ಜೀನ್‌ಗಳನ್ನು ಹೆಚ್ಚಾಗಿ ಸೆಂಡೈ ವೈರಸ್ ಮೂಲಕ ಒಳಗೆ ಸೇರಿಸುತ್ತಾರೆ. ಅದು ನಮ್ಮ ಡಿಎನ್‌ಎಗೆ ಸೇರಿಕೊಳ್ಳುವುದಿಲ್ಲ, ಆಮೇಲೆ ಕಳೆದುಹೋಗುತ್ತದೆ. ಕೆಲವು ವಾರಗಳಲ್ಲಿ ತಟ್ಟೆಯ ಅಲ್ಲಲ್ಲಿ ದುಂಡನೆಯ ಗುಂಪುಗಳು ಏಳುತ್ತವೆ. ಹಾಕಿದ ಕೋಶಗಳಲ್ಲಿ ತೀರಾ ಕಡಿಮೆ ಭಾಗ ಮಾತ್ರ ಹೀಗೆ ಬದಲಾಗುತ್ತದೆ. ಅವನ್ನು ಎತ್ತಿ ಬೇರೆ ತಟ್ಟೆಗೆ ಹಾಕಿ, 37 ಡಿಗ್ರಿಯಲ್ಲಿಟ್ಟು, ದಿನಾ ಪೋಷಕ ದ್ರಾವಣ ಬದಲಿಸಬೇಕು. ಭಾನುವಾರ, ಹಬ್ಬ ಅಂತ ಬಿಡುವ ಹಾಗಿಲ್ಲ. ಆಮೇಲೆ ಭ್ರೂಣದಲ್ಲಿ ಮಿದುಳು ಬೆಳೆಯುವಾಗ ಯಾವ ದಿನ ಯಾವ ರಾಸಾಯನಿಕ ಸಂದೇಶ ಬರುತ್ತದೋ ಅದನ್ನೇ ಅದೇ ಕ್ರಮದಲ್ಲಿ ಕೊಡುತ್ತಾರೆ. ವಾರಗಳು ಕಳೆದ ಮೇಲೆ ಅವು ಡೋಪಮಿನ್ ನರಕೋಶಗಳಾಗುತ್ತವೆ. ಉದ್ದುದ್ದ ಎಳೆ ಚಾಚುತ್ತವೆ, ಒಂದಕ್ಕೊಂದು ವಿದ್ಯುತ್ ಸಂಕೇತ ಕಳಿಸುತ್ತವೆ.

ಈಗ ಆ ಕೋಶದಲ್ಲಿ ರೋಗಿಯ ಎಲ್ಲ ಜೀನ್‌ಗಳೂ ಇವೆ, ಕಾಯಿಲೆ ತಂದ ದೋಷವೂ ಇದೆ. ಕೆಲವು ಮನೆತನಗಳಲ್ಲಿ ಡಿಎನ್‌ಎ ಬರಹದ ಒಂದೇ ಒಂದು ಅಕ್ಷರದ ತಪ್ಪಿನಿಂದ ಪಾರ್ಕಿನ್ಸನ್ಸ್ ಬರುತ್ತದೆ. ಅಂಥವರ ಕೋಶ ತೆಗೆದುಕೊಂಡು, ಡಿಎನ್‌ಎ ತಿದ್ದುವ ಕ್ರಿಸ್ಪರ್ ಅನ್ನುವ ಕತ್ತರಿಯಿಂದ ಆ ಒಂದು ಅಕ್ಷರವನ್ನಷ್ಟೇ ಸರಿಮಾಡುತ್ತಾರೆ. ಒಂದು ತಟ್ಟೆಯಲ್ಲಿ ತಪ್ಪು ಇರುವ ಕೋಶ, ಪಕ್ಕದ ತಟ್ಟೆಯಲ್ಲಿ ತಪ್ಪು ತಿದ್ದಿದ ಕೋಶ. ಬಾಕಿ ಎಲ್ಲ ಒಂದೇ. ಈಗ ಎರಡರ ನಡುವೆ ಕಾಣುವ ವ್ಯತ್ಯಾಸಕ್ಕೆ ಆ ಅಕ್ಷರವೇ ಕಾರಣ ಅಂತ ಧೈರ್ಯವಾಗಿ ಹೇಳಬಹುದು. ಬದುಕಿರುವ ಇಬ್ಬರು ಮನುಷ್ಯರನ್ನು ಹೀಗೆ ಹೋಲಿಸಲು ಎಂದೂ ಆಗುವುದಿಲ್ಲ, ಅಲ್ವಾ?

ಔಷಧ ಹುಡುಕಲು ಇದು ಹೇಗೆ ಬಳಕೆಯಾಯಿತು ಅನ್ನುವುದಕ್ಕೆ ಎಎಲ್‌ಎಸ್ ಕಾಯಿಲೆ ಒಳ್ಳೆಯ ಉದಾಹರಣೆ. ಸ್ಟೀಫನ್ ಹಾಕಿಂಗ್ ಅವರಿಗೆ ಇದ್ದದ್ದು ಇದೇ. ಸ್ನಾಯುವನ್ನು ನಡೆಸುವ ನರಕೋಶಗಳು ಸತ್ತು, ಕೈ, ಕಾಲು, ಮಾತು, ಕೊನೆಗೆ ಉಸಿರು ನಿಲ್ಲುತ್ತದೆ. ಟೋಕಿಯೊದ ಕೇಯೊ ವಿಶ್ವವಿದ್ಯಾಲಯದ ಹಿದೆಯುಕಿ ಒಕಾನೊ ಅವರ ತಂಡ ಎಎಲ್‌ಎಸ್ ರೋಗಿಗಳ ಐಪಿಎಸ್ ಕೋಶದಿಂದ ಅಂಥ ನರಕೋಶ ಬೆಳೆಸಿತು. ಅದರ ಮೇಲೆ ಸಾವಿರಕ್ಕೂ ಹೆಚ್ಚು ಔಷಧಗಳನ್ನು ಹಾಕಿ ನೋಡಿತು. ಮುಂದೆ ಬಂದದ್ದು ರೋಪಿನಿರೋಲ್, ಪಾರ್ಕಿನ್ಸನ್ಸ್‌ಗೆ ಮೊದಲಿನಿಂದ ಕೊಡುತ್ತಿದ್ದ ಮಾತ್ರೆ! 20 ರೋಗಿಗಳ ಮೇಲೆ ಪ್ರಯೋಗ ನಡೆಯಿತು, 2023ರಲ್ಲಿ ಫಲಿತಾಂಶ ಬಂತು. ಕಾಯಿಲೆ ಮುಂದುವರಿಯುವುದು ಸುಮಾರು ಏಳು ತಿಂಗಳು ತಡವಾದಂತೆ ಕಂಡಿತು. 20 ಜನ ಅಂದರೆ ಸಣ್ಣ ಸಂಖ್ಯೆ, ಇದರ ಮೇಲೆ ಗಟ್ಟಿ ತೀರ್ಮಾನ ಕಟ್ಟಲು ಬರುವುದಿಲ್ಲ. ಆದರೆ ಹಳೇ ಮಾತ್ರೆಯೊಂದರ ಹೊಸ ಉಪಯೋಗವನ್ನು ತಟ್ಟೆಯಲ್ಲಿ ಕಂಡು, ಅಲ್ಲಿಂದ ರೋಗಿಯವರೆಗೆ ತಂದರು. ಆ ದಾರಿ ತೆರೆದದ್ದೇ ದೊಡ್ಡದು.

ಇದೆಲ್ಲ ಜಪಾನ್, ಅಮೆರಿಕದ ಮಾತು ಮಾತ್ರ ಅಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಅನ್ನುವ ಸಂಶೋಧನಾ ಸಂಸ್ಥೆಗಳು ಸೇರಿ ಮಿದುಳು ಮತ್ತು ಮನಸ್ಸಿನ ಕಾಯಿಲೆ ಹಲವರಿಗೆ ಬಂದ ಕುಟುಂಬಗಳ ರಕ್ತದಿಂದ ಐಪಿಎಸ್ ಕೋಶ ಮಾಡಿ ಇಟ್ಟಿವೆ. ಸ್ಕಿಜೋಫ್ರೇನಿಯಾ, ಬೈಪೋಲಾರ್, ಅಲ್ಝೈಮರ್ಸ್ ಆ ಪಟ್ಟಿಯಲ್ಲಿ ಇವೆ. ಇದು ನಮಗೆ ಬೇಕೇ ಬೇಕು. ಜೀನ್‌ಗಳ ಅಧ್ಯಯನ ಬಹುಪಾಲು ನಡೆದಿರುವುದು ಯುರೋಪ್ ಮೂಲದವರ ಮೇಲೆ. ನಮ್ಮವರ ಕೋಶ ಎಲ್ಲೂ ಇಲ್ಲದಿದ್ದರೆ ನಾಳೆ ಬರುವ ಔಷಧ ನಮಗೆ ಹೊಂದುತ್ತದೋ ಇಲ್ಲವೋ ಅಂತ ಪರೀಕ್ಷಿಸುವುದೇ ಕಷ್ಟ.

ಈ ದಾರಿಗೆ ಒಂದು ದೊಡ್ಡ ತೊಡಕಿದೆ. ಬಣ್ಣ ತೆಗೆಯುವಾಗ, ಅಂದರೆ ಐಪಿಎಸ್ ಕೋಶ ಮಾಡುವಾಗ, ವಯಸ್ಸಿನ ಗುರುತುಗಳೂ ಬಹುಪಾಲು ಅಳಿಸಿಹೋಗುತ್ತವೆ. ಎಪ್ಪತ್ತು ವರ್ಷದವರ ಚರ್ಮದಿಂದ ಮಾಡಿದ ನರಕೋಶವೂ ಭ್ರೂಣದ ನರಕೋಶದಷ್ಟು ಎಳೆಯದಾಗಿರುತ್ತದೆ. ಪಾರ್ಕಿನ್ಸನ್ಸ್, ಅಲ್ಝೈಮರ್ಸ್ ಎರಡೂ ಮುಪ್ಪಿನ ಕಾಯಿಲೆ. ಎಳೇ ಕೋಶದಲ್ಲಿ ಅವನ್ನು ನೋಡುವುದು ಹೇಗೆ? ಕೆಲವರು ಕೋಶಕ್ಕೆ ಬೇಗ ಮುಪ್ಪು ತರಿಸುವ ಪ್ರೋಟೀನು ಹಾಕುತ್ತಾರೆ. ಕೆಲವರು ನಡುವೆ ಸ್ಟೆಮ್ ಸೆಲ್ ಮಾಡದೆ, ಚರ್ಮದಿಂದ ನೇರವಾಗಿ ನರಕೋಶ ಮಾಡುತ್ತಾರೆ. ಹಾಗೆ ಮಾಡಿದಾಗ ವಯಸ್ಸಿನ ಗುರುತು ಉಳಿಯುತ್ತದೆ. ಆದರೆ ಕೋಶ ಜಾಸ್ತಿ ಸಿಗುವುದಿಲ್ಲ.

ಈಗ ಚಿಕಿತ್ಸೆಯ ವಿಷಯ. ಮಿದುಳಿನ ಎಲ್ಲ ಕಾಯಿಲೆಗಳ ಪೈಕಿ ಪಾರ್ಕಿನ್ಸನ್ಸ್ ಮುಂದೆ ಇರುವುದಕ್ಕೆ ಕಾರಣ ಇದೆ. ಇಲ್ಲಿ ಚಲನೆಗೆ ಅಡ್ಡಿಯಾಗುವುದು ಮುಖ್ಯವಾಗಿ ಒಂದು ಬಗೆಯ ಕೋಶ ಸಾಯುವುದರಿಂದ. ಅದು ಮಾಡುವ ಕೆಲಸವೂ ಸ್ಪಷ್ಟ: ಡೋಪಮಿನ್ ಕೊಡುವುದು. ಅಲ್ಝೈಮರ್ಸ್‌ನಲ್ಲಿ ಹಾಗಲ್ಲ. ಮಿದುಳಿನ ಉದ್ದಗಲಕ್ಕೂ ನಾನಾ ಬಗೆಯ ಕೋಶಗಳು, ಅವುಗಳ ನಡುವಿನ ಜೋಡಣೆಗಳು ಹೋಗುತ್ತವೆ. ನೆನಪು ಇರುವುದು ಆ ಜೋಡಣೆಯಲ್ಲಿ. ಹೊಸ ಕೋಶ ಇಟ್ಟರೆ ಹಳೇ ನೆನಪು ಬರುವುದಿಲ್ಲ. ಅಲ್ಲಿ ಐಪಿಎಸ್ ಕೋಶದ ಉಪಯೋಗ ಸದ್ಯಕ್ಕೆ ತಟ್ಟೆಯಲ್ಲೇ.

ಕೋಶ ಕಸಿ ಹೊಸ ಯೋಚನೆಯೂ ಅಲ್ಲ. 1980ರ ದಶಕದ ಕೊನೆಯಲ್ಲೇ ಸ್ವೀಡನ್ನಿನ ಲುಂಡ್‌ನಲ್ಲಿ ಗರ್ಭಪಾತವಾದ ಭ್ರೂಣಗಳ ಮಿದುಳಿನ ಕೋಶವನ್ನು ರೋಗಿಗಳಿಗೆ ಕಸಿ ಮಾಡಿದರು. ಕೆಲವರಿಗೆ ಹತ್ತಾರು ವರ್ಷ ಅನುಕೂಲವಾಯಿತು. ಮುಂದೆ ಅಮೆರಿಕದಲ್ಲಿ ನಡೆದ ಪ್ರಯೋಗಗಳಲ್ಲಿ ಕೆಲವರಿಗೆ ಕೈಕಾಲು ತಾವಾಗಿ ಆಡುವ ಹೊಸ ತೊಂದರೆ ಬಂತು. ಒಬ್ಬ ರೋಗಿಗೆ ಹಲವು ಭ್ರೂಣ ಬೇಕಿತ್ತು, ಒಂದೊಂದು ಸಲ ಒಂದೊಂದು ಗುಣಮಟ್ಟ. 2008ರಲ್ಲಿ ಇನ್ನೊಂದು ಸುದ್ದಿ ಬಂತು: ಹತ್ತು ವರ್ಷಕ್ಕೂ ಮೇಲೆ ಬದುಕಿದ್ದ ಕಸಿ ಕೋಶಗಳಲ್ಲೂ ಕೆಲವದರೊಳಗೆ ಆ ಆಲ್ಫಾ ಸಿನ್ಯೂಕ್ಲಿನ್ ಗಂಟು ಕಂಡಿತು. ಕಾಯಿಲೆ ಹೊಸ ಕೋಶಕ್ಕೂ ದಾಟಬಹುದು ಅಂತಾಯಿತು.

ಐಪಿಎಸ್ ಕೋಶ ಬಂದ ಮೇಲೆ ಭ್ರೂಣದ ಅಗತ್ಯ ತಪ್ಪಿತು. ಒಂದೇ ಗುಣಮಟ್ಟದ ಕೋಶ ಬೇಕಾದಷ್ಟು ಬೆಳೆಸಬಹುದು. ಕ್ಯೋಟೊದಲ್ಲಿ ಜುನ್ ತಕಾಹಾಶಿ ಅವರ ತಂಡ 2018ರಲ್ಲಿ ಮೊದಲ ರೋಗಿಗೆ ಹಾಕಿತು. ಒಟ್ಟು ಏಳು ಜನ, 50ರಿಂದ 69 ವರ್ಷದವರು. ಕೋಶ ಅವರದೇ ಅಲ್ಲ, ಆರೋಗ್ಯವಂತ ದಾನಿಯದು. ಒಬ್ಬೊಬ್ಬ ರೋಗಿಗೂ ಅವರದೇ ಕೋಶ ಬೆಳೆಸಿ ಪರೀಕ್ಷಿಸಲು ಹಿಡಿಯುವ ಕಾಲ, ಖರ್ಚು ಎರಡೂ ತುಂಬಾ ಜಾಸ್ತಿ. ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು, ಮಿದುಳಿನ ಒಂದೊಂದು ಬದಿಗೆ ಕೆಲವರಿಗೆ 20 ಲಕ್ಷಕ್ಕೂ, ಕೆಲವರಿಗೆ 50 ಲಕ್ಷಕ್ಕೂ ಹೆಚ್ಚು ಎಳೆಯ ಕೋಶ ಇಟ್ಟರು. ಇಟ್ಟದ್ದು ಕೋಶ ಸಾಯುವ ಕಪ್ಪು ಜಾಗದಲ್ಲಲ್ಲ, ಡೋಪಮಿನ್ ಬಳಕೆಯಾಗುವ ಪುಟಾಮೆನ್ ಅನ್ನುವ ಜಾಗದಲ್ಲಿ. ಯಾಕೆಂದರೆ ಮುದಿ ಮಿದುಳಿನಲ್ಲಿ ಹೊಸ ಕೋಶದ ಎಳೆ ಆ ಕಪ್ಪು ಜಾಗದಿಂದ ಪುಟಾಮೆನ್‌ವರೆಗೆ ಬೆಳೆದು ಬರುವುದು ಕಷ್ಟ. ಬೇರೆಯವರ ಕೋಶ ಆದ್ದರಿಂದ ಮೈ ಅದನ್ನು ಹೊರಗೆ ದಬ್ಬದಂತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮಾತ್ರೆ ಕೊಟ್ಟರು.

2025ರ ಏಪ್ರಿಲ್‌ನಲ್ಲಿ ಎರಡು ವರ್ಷದ ಫಲಿತಾಂಶ ಪ್ರಕಟವಾಯಿತು. ಗಂಭೀರ ಅಪಾಯ ಯಾರಿಗೂ ಆಗಲಿಲ್ಲ. ಗಡ್ಡೆ ಬೆಳೆಯಲಿಲ್ಲ. ಇದೇ ದೊಡ್ಡ ಭಯವಾಗಿತ್ತು, ಯಾಕೆಂದರೆ ಪೂರ್ತಿ ಬದಲಾಗದ ಒಂದಿಷ್ಟು ಸ್ಟೆಮ್ ಸೆಲ್ ಉಳಿದರೂ ಅದು ಗಡ್ಡೆ ಕಟ್ಟಬಹುದು. ಪರಿಣಾಮ ಅಳೆದ ಆರು ಜನರಲ್ಲಿ ನಾಲ್ವರಿಗೆ, ಮಾತ್ರೆಯ ಬಲ ಇಲ್ಲದ ಹೊತ್ತಿನಲ್ಲಿ ಚಲನೆ ಸುಧಾರಿಸಿತ್ತು. ಸ್ಕ್ಯಾನಿನಲ್ಲಿ ಡೋಪಮಿನ್ ತಯಾರಿಕೆ ಸರಾಸರಿ 44.7% ಏರಿತ್ತು. ಕಸಿ ಮಾಡಿದ ಕೋಶ ಬದುಕಿದೆ, ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಇದು ಪುರಾವೆ. ಕಾಯಿಲೆ ವಾಸಿಯಾಯಿತು ಅನ್ನುವುದಕ್ಕೆ ಅಲ್ಲ.

ನಮ್ಮೂರಿನ ಮಾವ ಒಬ್ಬರು, ಪಾರ್ಕಿನ್ಸನ್ಸ್ ಬಂದು ವರ್ಷಗಳಾದವರು, ಫೋನು ಮುಂದೆ ಹಿಡಿದು ಕೇಳಿದರು: "ತಮಾ, ಮಿದುಳಿಗೆ ಹೊಸ ಕೋಶ ಹಾಕ್ತ್ವಡ, ಖರೇನಾ?" ಫೋನಿನಲ್ಲಿ ಇದ್ದದ್ದು ದೊಡ್ಡ ಊರಿನ ಒಂದು ಕ್ಲಿನಿಕ್‌ನ ಜಾಹೀರಾತು. ನಿಮ್ಮ ಸೊಂಟದ ಮೂಳೆಯಿಂದ ಸ್ಟೆಮ್ ಸೆಲ್ ತೆಗೆದು ನಿಮಗೇ ಇಂಜೆಕ್ಷನ್ ಕೊಡುತ್ತೇವೆ, ಪಾರ್ಕಿನ್ಸನ್ಸ್ ಗುಣವಾಗುತ್ತದೆ ಅಂತ ಅದರಲ್ಲಿತ್ತು. ಇದನ್ನು ನೋಡಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಮೂಳೆಮಜ್ಜೆಯ, ಕೊಬ್ಬಿನ, ಹೊಕ್ಕುಳಬಳ್ಳಿಯ ಕೋಶಗಳು ಬೇರೆ. ಕ್ಯೋಟೊದಲ್ಲಿ ವಾರಗಟ್ಟಲೆ ಬೆಳೆಸಿದ ಡೋಪಮಿನ್ ಕೋಶ ಬೇರೆ. ಮೂಳೆಮಜ್ಜೆಯ ಕೋಶವನ್ನು ಬೆನ್ನಿಗೋ ರಕ್ತಕ್ಕೋ ಚುಚ್ಚಿದರೆ ಅದು ಮಿದುಳಿಗೆ ಹೋಗಿ ಡೋಪಮಿನ್ ನರಕೋಶ ಆಗುವುದಿಲ್ಲ.

ನಮ್ಮ ದೇಶದ ನಿಯಮವೂ ಸ್ಪಷ್ಟವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮೂಳೆಮಜ್ಜೆ ಕಸಿಯಂಥ ಚಿಕಿತ್ಸೆ ಬಿಟ್ಟರೆ ಉಳಿದ ಯಾವ ಸ್ಟೆಮ್ ಸೆಲ್ ಬಳಕೆಯೂ ಪ್ರಯೋಗದ ಚೌಕಟ್ಟಿನೊಳಗೇ ಇರಬೇಕು. ಪ್ರಯೋಗ ಅಂದಮೇಲೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಕಾರವಾರದವರು ಗೋವಾಕ್ಕೆ, ಕುಮಟಾ ಭಟ್ಕಳದವರು ಮಣಿಪಾಲ ಮಂಗಳೂರಿಗೆ, ಶಿರಸಿಯವರು ಹುಬ್ಬಳ್ಳಿಗೆ ಅಂತ ದೊಡ್ಡ ಕಾಯಿಲೆಗೆ ಜಿಲ್ಲೆ ಬಿಟ್ಟು ಓಡುವ ಜನ ನಾವು. ದೂರದ ಊರು, ದೊಡ್ಡ ಬೋರ್ಡು ಅಂದರೆ ನಂಬಿಕೆ ಬೇಗ ಬರುತ್ತದೆ. ಒಂದು ವರ್ಷದ ಅಡಕೆ ದುಡ್ಡು ಅಲ್ಲಿ ಒಂದು ಇಂಜೆಕ್ಷನ್ನಿಗೆ ಹೋಗುತ್ತದೆ.

'ಆದರೆ ಹಾಕಿಸಿಕೊಂಡವರು ಚೂರು ಆರಾಮ ಆಯ್ತು ಅಂತಾರಲ್ಲ?' ಇದನ್ನೂ ಮಾವ ಕೇಳಿದರು. ಅವರು ಸುಳ್ಳು ಹೇಳುತ್ತಿಲ್ಲ. ಪಾರ್ಕಿನ್ಸನ್ಸ್‌ನಲ್ಲಿ ಇದಕ್ಕೆ ವಿಶೇಷ ಕಾರಣ ಇದೆ. ಒಳ್ಳೆಯದಾಗುತ್ತದೆ ಅನ್ನುವ ನಿರೀಕ್ಷೆಯೇ ಮಿದುಳಿನಲ್ಲಿ ಡೋಪಮಿನ್ ಬಿಡಿಸುತ್ತದೆ. ರೋಗಿಗಳಿಗೆ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟು ಸ್ಕ್ಯಾನ್ ಮಾಡಿದಾಗ ಇದು ಕಂಡದ್ದು 2001ರಲ್ಲಿ. ಉಪ್ಪುನೀರಿಗೇ ಕೈ ಹಗುರಾಗುತ್ತದೆ ಅಂದಮೇಲೆ ಲಕ್ಷಗಟ್ಟಲೆ ಕೊಟ್ಟು ಹಾಕಿಸಿಕೊಂಡ ಇಂಜೆಕ್ಷನ್ನಿಗೆ ಆಗದೇ ಇರುತ್ತದೆಯೇ? ಸ್ವಲ್ಪ ಕಾಲ ಆಗುತ್ತದೆ, ಆಮೇಲೆ ಇಳಿಯುತ್ತದೆ.

ಕ್ಯೋಟೊದ ಏಳು ಜನರ ಫಲಿತಾಂಶಕ್ಕೂ ಇದೇ ಪ್ರಶ್ನೆ ಕೇಳಬೇಕು, ವಿಜ್ಞಾನಿಗಳು ಕೇಳುತ್ತಲೂ ಇದ್ದಾರೆ. ಅಲ್ಲಿ ಹೋಲಿಸಿ ನೋಡಲು ಕಸಿ ಇಲ್ಲದ ಗುಂಪು ಇರಲಿಲ್ಲ. ಭ್ರೂಣದ ಸ್ಟೆಮ್ ಸೆಲ್‌ನಿಂದ ಡೋಪಮಿನ್ ಕೋಶ ಮಾಡುವ ಅಮೆರಿಕದ ಬ್ಲೂರಾಕ್ ಕಂಪನಿ 12 ಜನರ ಪ್ರಯೋಗದ ನಂತರ ಈಗ ದೊಡ್ಡ ಪ್ರಯೋಗಕ್ಕೆ ಇಳಿದಿದೆ. ಅದರಲ್ಲಿ ಒಂದು ಗುಂಪಿಗೆ ಕೋಶ ಇಡುತ್ತಾರೆ. ಇನ್ನೊಂದು ಗುಂಪಿಗೆ ಆಪರೇಷನ್ ನಡೆದಂತೆ ಎಲ್ಲವನ್ನೂ ಮಾಡಿ ಕೋಶ ಮಾತ್ರ ಇಡುವುದಿಲ್ಲ. ಯಾರು ಯಾವ ಗುಂಪು ಅಂತ ರೋಗಿಗೂ ಗೊತ್ತಿರುವುದಿಲ್ಲ, ಅವರ ಕೈ ಬೆರಳಿನ ಚುರುಕು ಅಳೆಯುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಎರಡು ಗುಂಪಿನ ನಡುವೆ ಉಳಿಯುವ ವ್ಯತ್ಯಾಸವೇ ಕೋಶ ನಿಜವಾಗಿ ಮಾಡಿದ ಕೆಲಸ.

ಅದು ತಿಳಿಯುವವರೆಗೆ ಮಾವನಿಗೆ ನಾನು ಹೇಳಿದ್ದು ಇಷ್ಟು. ಮಾತ್ರೆಯ ಹೊತ್ತು ತಪ್ಪಿಸಬೇಡಿ. ದಿನಾ ನಡೆಯಿರಿ, ತೋಟದ ಏರಿ ಬೇಡ, ಸಮತಟ್ಟಾದ ಅಂಗಳದಲ್ಲಿ. ಮಾತ್ರೆ ಸಾಲದಾದಾಗ ಮಿದುಳಿಗೆ ತಂತಿ ಇಟ್ಟು ಮಾಡುವ ಡಿಬಿಎಸ್ ಚಿಕಿತ್ಸೆ ನಿಮಗೆ ಆಗಿಬರುತ್ತದೆಯೇ ಅಂತ ನರರೋಗ ತಜ್ಞರನ್ನು ಕೇಳಿ. ಮತ್ತೆ ಯಾರಾದರೂ ಸ್ಟೆಮ್ ಸೆಲ್ ಅಂದರೆ ಮೂರು ಪ್ರಶ್ನೆ ಹಾಕಿ: ಯಾವ ಕೋಶ? ಭಾರತದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯಲ್ಲಿ ನೋಂದಣಿ ಸಂಖ್ಯೆ ಎಷ್ಟು? ದುಡ್ಡು ಯಾಕೆ ಕೇಳುತ್ತಿದ್ದೀರಿ?